ಮನೆ ಮುಟ್ಟುವವರೆಗೂ ಹೆಸರಿರಲಿ

ನನ್ನ ಮೊಮ್ಮಗಳು ಚೈತ್ರ ಐದು ವರ್ಷದವಳಿದ್ದಾಗಲೇ ಮನೆಗೆ ಬಂದವರ ಚಪ್ಪಲಿಗಳನ್ನು ಬೀದಿಯ ಕಡೆಗೆ ತಿರುಗಿಸಿ ಜೋಡಿಸುತ್ತಿದ್ದಳು. ಹೊರಡುವವರು ಹೊಸಲು ದಾಟಿ ಸುಮ್ಮನೆ ಕಾಲು ತೂರಿಸಿದರೆ ಸಾಕು. ಬಂದವರು ಕೂರುವ ಮೊದಲೇ ಚೊಂಬಿನಲ್ಲಿ ನೀರು, ಅವರು ನೀರು ಕುಡಿಯುವ ಹೊತ್ತಿಗೆ ಒಲೆಯ ಮುಂದೆ ನಿಂತು ಕಾಫಿಗೆ ತಗಾದೆ. ಯಾರನ್ನೂ ಕಾಯಿಸುವುದು ಅವಳಿಗೆ ಹುಟ್ಟಿನಿಂದಲೇ ಆಗದು. ಒಮ್ಮೆ ಹೊಳೆನರಸೀಪುರದಿಂದ ಬಂದ ಬೀಗರು ಇನ್ನೂ ಮುದ್ದೆ ಮುರಿಯುತ್ತಿದ್ದಾಗಲೇ ಚಪ್ಪಲಿ ತಿರುಗಿಸಿಬಿಟ್ಟಳು. ಪಡಸಾಲೆಯಲ್ಲಿ ಕೂತಿದ್ದ ಅವರಿಗೆ ಅದು ಕಂಡೇಬಿಟ್ಟಿತು. “ಏನವ್ವ, ಉಣ್ಣೋಕೆ ಮುಂಚೇನೇ ಅಟ್ತಾ ಇದೀಯಲ್ಲ” ಎಂದರು. ಅವಳು ಒಂದಿಷ್ಟೂ ಅಳುಕದೆ, “ನೀನು ಉಣ್ಣು ತಾತ, ಚಪ್ಪಲಿ ಕಾಯ್ತವೆ” ಎಂದಳು. ಬೀಗರು ನಕ್ಕು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಆ ಕೂಸೇ ದೊಡ್ಡವಳಾಗಿ, ಹಾಸನದ ಒಂದು ಗಾರ್ಮೆಂಟ್ಸಿನ ಆಫೀಸಿನಲ್ಲಿ ಕೆಲಸಕ್ಕೆ ಸೇರುವವರನ್ನೂ ಬಿಡುವವರನ್ನೂ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ನಾನು ಓದಿರುವುದು ನಾಲ್ಕನೇ ಕ್ಲಾಸು. ಆದರೆ ಅವಳು ಅಲ್ಲಿ ಏನು ಮಾಡಿದಳೆಂದು ನಮ್ಮ ಶಾಂತಿಗ್ರಾಮದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಡೇರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ನಿಂತು, ಕೇಳದವರಿಗೂ ನಾನು ಅಷ್ಟು ಹೇಳಿದ್ದೇನೆ.

ಮೊದಲು ಅಲ್ಲಿ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಕಾಯಬೇಕಿತ್ತು. ಆಧಾರ್ ಜೆರಾಕ್ಸಿಗೆ ಒಂದು ಟೇಬಲ್ಲು, ಫೋಟೋಗೆ ಇನ್ನೊಂದು, ಬ್ಯಾಂಕಿನ ಪಾಸ್‌ಬುಕ್ಕಿಗೆ ಮತ್ತೊಂದು. ಕಾರ್ಡು ಬರುವುದು ವಾರಗಳ ಮೇಲೆ. ಕಾರ್ಡಿಲ್ಲದವರಿಗೆ ಕ್ಯಾಂಟೀನಿನಲ್ಲಿ ಊಟವಿಲ್ಲ, ಕಂಪನಿ ಬಸ್ಸಿನಲ್ಲಿ ಜಾಗವಿಲ್ಲ. ಕೆಲಸ ಬಿಟ್ಟವರ ಪಾಡು ಇನ್ನೂ ಕಷ್ಟ, ಒಂದು ಸಹಿಗೆ ತಿಂಗಳುಗಟ್ಟಲೆ ಅಲೆಯಬೇಕಿತ್ತು.

ಚೈತ್ರ ಇದನ್ನೆಲ್ಲ ಕಂಪ್ಯೂಟರಿಗೆ ಕಲಿಸಿದಳು. ಸೇರುವವರು ಊರಲ್ಲೇ ಕೂತು ಮೊಬೈಲಿನಲ್ಲಿ ಕಾಗದ ಕಳಿಸಿದರೆ ಆಯಿತು. ಇಂಥವಳು ಸೇರಿದಳು ಎಂದು ಆಫೀಸಿನಲ್ಲಿ ಒಂದು ಸಲ ಒತ್ತಿದರೆ, ಕಾರ್ಡು ಮಾಡುವವರಿಗೆ, ಕ್ಯಾಂಟೀನಿನವರಿಗೆ, ಬಸ್ಸಿನವರಿಗೆ, ಲೈನಿನ ಸೂಪರ್‌ವೈಸರಿಗೆ, ಎಲ್ಲರಿಗೂ ಅದೇ ಹೋಗಿ ಹೇಳಿಬರುತ್ತದೆ. ಒಬ್ಬ ಹುಡುಗಿ ಮೊದಲ ದಿನವೇ ತನ್ನ ಫೋಟೋ ಇರುವ ಕಾರ್ಡು ಕೈಗೆ ಬಂದಾಗ, “ಅಕ್ಕಾ, ನಾನು ಬತ್ತೀನಿ ಅಂತ ಇವ್ರಿಗೆಲ್ಲ ಎಂಗೆ ಗೊತ್ತಾಯ್ತು” ಎಂದು ಬೆರಗಾದಳಂತೆ. “ಮದ್ವೆಗೆ ಕರೆದು ಬಾಗ್ಲಲ್ಲಿ ನಿಲ್ಸಿ ಹೆಸ್ರು ಕೇಳ್ತಾರೇನೇ” ಎಂದಳಂತೆ ನಮ್ಮ ಚೈತ್ರ. ಅವಳ ಮಾತೇ ಹಾಗೆ.

ಮ್ಯಾನೇಜರಿಗೆ ಮಾತ್ರ ಇದು ಅಷ್ಟಾಗಿ ಒಗ್ಗಿರಲಿಲ್ಲ. ಕೆಲವು ತಿಂಗಳು ನೋಡೋಣ, ಯಾರಿಂದಲಾದರೂ ದೂರು ಬಂದರೆ ಮತ್ತೆ ಹಳೆಯ ಕಾಗದವೇ ಸೈ ಎಂದುಬಿಟ್ಟಿದ್ದರು.

ಅಷ್ಟರಲ್ಲಿ ಗೌರಮ್ಮನ ನಿವೃತ್ತಿ ಬಂತು. ಗೌರಮ್ಮ ನಮ್ಮ ಪಕ್ಕದ ಮನೆಯವಳು, ಅದೇ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು ಹೊಲಿದು ತಲೆ ನರೆತವಳು. ಕಡೆಯ ದಿನ ಮನೆಯವರನ್ನು ಕರೆತರಬಹುದು ಎಂದಾಗ ನನ್ನನ್ನೇ ಕರೆದುಕೊಂಡು ಹೋದಳು. ಶಾಲು ಹೊದಿಸಿದರು, ಹಾರ ಹಾಕಿದರು. ಪಿಎಫ್ ಕಾಗದ, ಸರ್ಟಿಫಿಕೇಟು ಎಲ್ಲ ಅಲೆದಾಟವಿಲ್ಲದೆ ಒಂದೇ ಕವರಿನಲ್ಲಿ ಕೈಗೆ ಬಂತು. ಇದನ್ನು ಮಾಡಿದ್ದು ನಮ್ಮ ಹುಡುಗಿ ಎಂದು ನಾನು ಬಡಿಸುವವರಿಗೂ ಹೇಳುತ್ತಿದ್ದೆ.

ಸಂಜೆ ಗೇಟಿಗೆ ಬಂದು ಗೌರಮ್ಮ ಎಂದಿನಂತೆ ಗೇಟು ತೆರೆಯುವ ಮಿಷನ್ನಿಗೆ ಬೆರಳೊತ್ತಿದಳು. ಮಿಷನ್ನಿನಲ್ಲಿ ಕೆಂಪು ದೀಪ ಹತ್ತಿ ಕೀರಿತು. ಸೆರಗಿನಲ್ಲಿ ಬೆರಳು ಒರೆಸಿಕೊಂಡು ಇನ್ನೊಮ್ಮೆ ಒತ್ತಿದಳು. “ನಿಮ್ಮ ಹೆಸ್ರೇ ಇಲ್ಲ ಕಣಮ್ಮ” ಎಂದು ವಾಚ್‌ಮನ್ ಪಕ್ಕದ ಸಣ್ಣ ಬಾಗಿಲಿನಿಂದ ಹೊರಗೆ ಬಿಟ್ಟ. ಬಸ್ಸಿನ ಹತ್ತಿರ ಹೋದರೆ ಡ್ರೈವರ್ ಮೊಬೈಲು ನೋಡಿ, “ಇಲ್ಲೂ ಇಲ್ವಲ್ಲ ಗೌರಮ್ಮ, ಹತ್ತುಸ್ಕಂಡ್ರೆ ನನ್ನ ಕೇಳ್ತಾರೆ” ಎಂದು ತಲೆ ಕೆರೆದುಕೊಂಡ. ಶಿಫ್ಟು ಮುಗಿದ ಗಳಿಗೆಗೇ ಚೈತ್ರಳ ಕಂಪ್ಯೂಟರು ಗೌರಮ್ಮನನ್ನು ಎಲ್ಲ ಕಡೆಯಿಂದಲೂ ಅಳಿಸಿಹಾಕಿತ್ತು. ಬಸ್ಸಿನಲ್ಲಿದ್ದವರು ಕಿಟಕಿಯಿಂದ ನೋಡುತ್ತಿದ್ದರು. ಕೊರಳಲ್ಲಿ ಹಾರ ಹಾಕಿಕೊಂಡು ರಸ್ತೆಯಲ್ಲಿ ನಿಂತಿದ್ದ ಗೌರಮ್ಮ, ಓಡಿಬಂದ ಚೈತ್ರಳಿಗೆ, “ಲೇ ಚೈತ್ರಿ, ನಾನಿನ್ನೂ ಸತ್ತಿಲ್ಲ ಕಣೇ” ಎಂದಳು.

“ತಪ್ಪು ನಂದೇ ದೊಡ್ಡವ್ವ” ಎಂದಳು ಚೈತ್ರ. ಆಟೋ ಮಾಡಿ ನಮ್ಮಿಬ್ಬರನ್ನೂ ಬಸ್ ಸ್ಟ್ಯಾಂಡಿಗೆ ಕರೆತಂದು, ಸರ್ಕಾರಿ ಬಸ್ಸಿನಲ್ಲಿ ತಾನೂ ಊರಿಗೆ ಬಂದಳು. ಗೌರಮ್ಮ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಊರಲ್ಲಿ ಇಳಿದವಳೇ ಚೈತ್ರ, “ಸೋಮವಾರ ಆಫೀಸಿಗೆ ಬಾ ದೊಡ್ಡವ್ವ. ಆದದ್ದನ್ನ ಮ್ಯಾನೇಜರ್ ಮುಂದೆ ನೀನೇ ಹೇಳು” ಎಂದಳು. “ನಿನ್ನ ಕೆಲ್ಸಕ್ಕೆ ನೀನೇ ಕಲ್ಲು ಆಕ್ಕೋತೀಯೇನೇ? ಒಂದು ದೂರು ಬಂದ್ರೆ ಎಲ್ಲಾ ಬಂದ್ ಅಂದವ್ರೆ ತಾನೇ” ಎಂದೆ.

“ನಾನು ಹೇಳಿದ್ರೆ ಅದು ಬರೀ ಕಂಪ್ಯೂಟರ್ ವಿಷಯ ಆಗೋಗುತ್ತೆ ಅಜ್ಜಿ. ರಸ್ತೇಲಿ ನಿಂತೋಳು ದೊಡ್ಡವ್ವ” ಎಂದಳು. ಬೇರೆ ಯಾರಾದರೂ ಆಗಿದ್ದರೆ ಗೌರಮ್ಮನ ಬಾಯಿ ಮುಚ್ಚಿಸುತ್ತಿದ್ದರು. ಇವಳು ತನ್ನ ಮೇಲಿನ ದೂರನ್ನು ತಾನೇ ಕೈಹಿಡಿದು ಕರೆದುಕೊಂಡು ಹೋದಳು.

ಅಲ್ಲಿ ನಡೆದದ್ದನ್ನು ಸೋಮವಾರ ಸಂಜೆ ನಮ್ಮ ಜಗಲಿಯ ಮೇಲೆ ಕೂತು ಗೌರಮ್ಮನೇ ಹೇಳಿದಳು. “ನಾನು ಏಳಾದು ಏಳಿದೆ ಕಣಕ್ಕ. ಆ ಮ್ಯಾನೇಜರಪ್ಪ, ಕೆಲ್ಸ ಬಿಟ್ಟೋರ ಕಾರ್ಡು ಆಗಿಂದಾಗ್ಲೇ ನಿಲ್ಬೇಕು, ಇಲ್ದಿದ್ರೆ ಯಾರ್ಯಾರೋ ಒಳೀಕ್ ಬತ್ತಾರೆ ಅಂದ. ನಿನ್ ಮೊಮ್ಮಗಳು ಎದ್ದು ನಿಂತ್ಕಂಡ್ಳು. ಒಳೀಕ್ ಬರೋದು ನಿಂತೋಗ್ಲಿ ಸಾ, ಓಗೋರ್ಗೆ ದಾರಿ ಇರ್ಲಿ, ಮನೆ ಮುಟ್ಟೋಗಂಟ ಹೆಸ್ರು ಇರ್ಲಿ. ನಮ್ ಕಡೆ ಯಾರಾನ ಊರಿಗೆ ಒಂಟ್ರೆ, ಒಂಟ ತಕ್ಷಣ ಮನೆ ಗುಡಿಸಲ್ಲ. ನಾನು ಗುಡಿಸ್ಬುಟ್ಟೆ ಸಾ, ಅಂದ್ಬುಟ್ಳು.”

“ಆವಯ್ಯ ಏನಂದ?”

“ಅಂಗೇ ನನ್ನ ನೋಡ್ದ. ನಮ್ಮಮ್ಮನೂ ಗುಡಿಸಕ್ ಬಿಡಲ್ಲ ಅಂದ. ಸರಿ ಮಾಡಮ್ಮ, ಕಾಗದಕ್ಕೆ ವಾಪಸ್ ಓಗಾದು ಬ್ಯಾಡ ಅಂದ.”

ಸಂಜೆಯೊಳಗೇ ಚೈತ್ರ ಅದನ್ನು ಸರಿಮಾಡಿ, ಗೌರಮ್ಮನ ಹೆಸರನ್ನೂ ಬಸ್ಸಿನ ಪಟ್ಟಿಗೆ ಮತ್ತೆ ಹಾಕಿದ್ದಳು. ಗೌರಮ್ಮ ಅವತ್ತು ಕಂಪನಿ ಬಸ್ಸಿನಲ್ಲೇ ಊರಿಗೆ ಬಂದಿಳಿದಿದ್ದಳು, ಅಷ್ಟು ಸೆಕೆಯಲ್ಲೂ ಶಾಲು ಹೊದ್ದುಕೊಂಡು.

ಕಳೆದ ತಿಂಗಳು ಕಂಪನಿಯವರು ಅರಕಲಗೂಡಿನಲ್ಲಿ ಹೊಸ ಫ್ಯಾಕ್ಟರಿ ತೆರೆದರು. ಅಲ್ಲಿಯೂ ಇದೇ ಏರ್ಪಾಡು ಮಾಡಲು ಚೈತ್ರಳನ್ನೇ ಮೇಲಿನ ಹುದ್ದೆ ಕೊಟ್ಟು ಕಳಿಸಿದರು. ಹಾಸನದಲ್ಲಿ ಅವಳ ಕಡೆಯ ದಿನ ನಾನು ನಮ್ಮೂರ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದೆ. ಬಸ್ಸು ನಿಂತಿತು, ಚೈತ್ರ ಇಳಿದಳು. ಅವಳ ಹಿಂದೆಯೇ ಒಬ್ಬೊಬ್ಬರಾಗಿ ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಇಳಿದರು. ಡ್ರೈವರೂ ಎಂಜಿನ್ ಆರಿಸಿ ಇಳಿದು, “ಮನೆ ಮುಟ್ಟುಸ್ದೆ ಓಗಂಗಿಲ್ಲ ಕಣಜ್ಜಿ, ನಿಮ್ಮ ಮೊಮ್ಮಗಳೇ ಮಾಡಿರೋ ರೂಲು” ಎಂದ. ಅಷ್ಟೂ ಜನ ನಗುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ ನಮ್ಮ ಬೀದಿಯಲ್ಲಿ ನಡೆದು ಬಂದರು. ನಾನು ಎಲ್ಲರ ಮುಂದೆ ನಡೆದೆ. ಕಾಫಿಗೆ ಲೋಟ ಸಾಲದೆ ಗೌರಮ್ಮ ತನ್ನ ಮನೆಯ ಲೋಟಗಳನ್ನು ಮಡಿಲಲ್ಲಿ ತುಂಬಿಕೊಂಡು ಬಂದಳು.

ಮಾರನೆಯ ಬೆಳಿಗ್ಗೆ ಚೈತ್ರ ಅರಕಲಗೂಡಿಗೆ ಹೊರಟಳು. ಅಲ್ಲೇ ರೂಮು ಮಾಡಿದ್ದಾಳೆ. ಗೌರಮ್ಮನ ಲೋಟಗಳು ಇನ್ನೂ ನಮ್ಮ ಅಡುಗೆಮನೆಯಲ್ಲೇ ಇವೆ. ಅವಳು ಕೇಳಿಲ್ಲ, ನಾನೂ ಕೊಟ್ಟಿಲ್ಲ.