ಎರಡು ಕೈಯ ಗವಲಿ

ಹ್ಯೂಸ್ಟನ್ ಮಗ್ಗುಲಿನ ಬಟಾಬಯಲು ಪೇರ್‌ಲ್ಯಾಂಡಿನಲ್ಲಿ ಏರು ಅಂತ ಇರುವುದು ಹೈವೇ ಮೇಲಿನ ಫ್ಲೈಓವರ್ ಒಂದೇ. ಹೀಗಾಗಿ ಪಕ್ಕದ ಮನೆಯ ಕಾರ್ಮೆಲಾ ತನ್ನ ಹಿರಿಯರ ಊರಿನ ಫೋಟೊ ತೋರಿಸಿದ ದಿನದಿಂದ ರಂಜನಿಯ ತಲೆ ನೆಟ್ಟಗಿಲ್ಲ. ದಕ್ಷಿಣ ಇಟಲಿಯ ಮೊಂತೆವೆರ್ಲಾ. ಗುಡ್ಡದ ಮೇಲೆ ಮನೆಯ ಮೇಲೆ ಮನೆ. ಒಬ್ಬರ ಮಾಳಿಗೆ ಇನ್ನೊಬ್ಬರ ಅಂಗಳ. ಕೆಳಗೆ ಕಣ್ಣು ಮುಟ್ಟುವ ತನಕ ಗೋಧಿ ಹೊಲ.

ಧಾರವಾಡದ ರಂಜನಿ ಮೂವತ್ತು ವರ್ಷ ಹ್ಯೂಸ್ಟನ್ನಿನ ಲ್ಯಾಬೊಂದರಲ್ಲಿ ಊರವರ ರಕ್ತ ಪರೀಕ್ಷಿಸಿ ಹೋದ ವರ್ಷ ನಿವೃತ್ತಳಾದವಳು. ಈಗ ಅವಳಿಗೇ ಪರೀಕ್ಷೆ. ಸೆಪ್ಟೆಂಬರಿನಲ್ಲಿ ಕಾರ್ಮೆಲಾಳೂ ಸೇರಿ ಹ್ಯೂಸ್ಟನ್ನಿನಲ್ಲಿರುವ ಆ ಊರಿನ ಮೂಲದ ಎಂಟು ಮಂದಿ ಮೊಂತೆವೆರ್ಲಾದ ಹಬ್ಬಕ್ಕೆ ಪಾಸ್ತಾ ಹೊಸೆಯಲು ಹೊರಟಿದ್ದರು. ಒಬ್ಬಾಕೆಗೆ ಮೊಣಕಾಲು ಆಪರೇಷನ್ ಆಗಿ ಒಂದು ಸೀಟು ಖಾಲಿ. ಆದರೆ ಹೊರಗಿನವರನ್ನು ಅಲ್ಲಿನ ಹಿರಿಯಳು, ಎಂಬತ್ತೆಂಟರ ಫಿಲೊಮೆನಾ, ಕೈ ನೋಡಿ ಒಪ್ಪಬೇಕು.

“ಅವರ ಪಾಸ್ತಾಕ್ಕ ತತ್ತಿ ಹಾಕೂದಿಲ್ಲಂತ್ರೀ! ಬರೇ ರವಾ, ನೀರು. ನಮ್ಮ ಗವಲಿ ಇದ್ದಂಗ!” ಮದುವೆಯ ಪಾಯಸಕ್ಕೆಂದು ಚಿಕ್ಕಂದಿನಿಂದ ಹಿಟ್ಟಿನಲ್ಲಿ ಜೀರಿಗೆಯಂಥ ಗವಲಿ ಹೊಸೆದ ಬೆರಳುಗಳನ್ನು ರಂಜನಿ ಗಂಡನ ಮುಖದೆದುರು ಆಡಿಸಿದಳು.

“ಇಲ್ಲಿ ಮೆಟ್ಟಲಾ ಏರಿದ್ರ ಏದುಸಿರು ಬಿಡ್ತಿ. ಅಲ್ಲಿ ಗುಡ್ಡಾ ಏರಾಕಿ!” ಎಂದರು ಚಂದ್ರಮೋಹನ.

ಶನಿವಾರ ಬೆಳಿಗ್ಗೆ ಕಾರ್ಮೆಲಾ ತನ್ನ ಹಿತ್ತಿಲಲ್ಲಿ ರಂಜನಿಯ ಮುಂದೆ ಹಿಟ್ಟು, ಮಣೆ ಇಟ್ಟು, ವಿಡಿಯೊ ಕರೆ ಮಾಡಿ ಫೋನ್ ಹಿಡಿದಳು. ಅಲ್ಲಿ ಇಳಿಬಿಸಿಲು, ಮೆಟ್ಟಿಲ ಬೀದಿಯಲ್ಲಿ ಕುರ್ಚಿ ಹಾಕಿಕೊಂಡ ಆರು ಮುದುಕಿಯರು. ನಡುವಿನ ಫಿಲೊಮೆನಾ ಹಿಟ್ಟಿನ ಚೂರೊಂದನ್ನು ಹೆಬ್ಬೆರಳಿನಡಿ ಎಳೆದು ತೋರಿಸಿದಳು. ರಂಜನಿ ಮಣೆಗೆ ಕೈಯಿಟ್ಟದ್ದೇ ತಡ, ಬೆರಳುಗಳು ಮದುವೆಮನೆಗೆ ಓಡಿದವು: ಎಡಗೈಯಡಿ ಒಂದು, ಬಲಗೈಯಡಿ ಒಂದು, ಸರಸರನೆ, ಜೋಡಿ ಜೋಡಿ. ಫಿಲೊಮೆನಾ ಏನೋ ಕೂಗಿದಳು.

“ತಪ್ಪಾತೇನು?”

“ಒಂದೇ ಕೈಯಲ್ಲಿ ಮಾಡಬೇಕಂತೆ,” ಎಂದಳು ಕಾರ್ಮೆಲಾ.

ಎಡಗೈ ಹಿಂದೆ ತೆಗೆದರೆ ಬಲಗೈಯೂ ಮುಷ್ಕರ ಹೂಡಿತು. ಸೀಟು ಹೋದರೆ ಹೋಗಲಿ ಎಂದು ರಂಜನಿ ಎರಡೂ ಕೈಗಳನ್ನು ಅವುಗಳ ಪಾಡಿಗೆ ಬಿಟ್ಟಳು. ಅತ್ತ ಆರು ತಲೆಗಳು ಫೋನಿನತ್ತ ಬಾಗಿದವು. ಮರುಗಳಿಗೆ ಆರೂ ಮುದುಕಿಯರು ಎರಡೆರಡು ಕೈ ಹಾಕಿ ಹೊಸೆಯತೊಡಗಿದರು. ಹಿಟ್ಟು ಚಿಮ್ಮಿ ಮೆಟ್ಟಿಲಿಳಿಯಿತು. ಅದರ ಹಿಂದೆ ಕೋಳಿ, ಕೋಳಿಯ ಹಿಂದೆ ಒಬ್ಬ ಮುದುಕಿ. ಅಲ್ಲಿ ಯಾರೋ ಹಿಡಿದಿದ್ದ ಫೋನು ಕೈಜಾರಿ ಆಕಾಶ, ಗಂಟೆಗೋಪುರ, ಹೊಲ, ಯಾರದೋ ಚಪ್ಪಲಿ ಎಲ್ಲ ಗಿರಗಿರ ತಿರುಗಿ ಕರೆ ಕಡಿಯಿತು.

ರಂಜನಿ ಮಣೆಯನ್ನೇ ನೋಡುತ್ತ ಕೂತಳು. ಫೋನ್ ಮತ್ತೆ ಹೊಡೆದುಕೊಂಡಿತು. ಕಾರ್ಮೆಲಾ ಕೇಳಿಸಿಕೊಂಡು, ನಗುವಿನಿಂದ ಬಂದ ಕಣ್ಣೀರು ಒರೆಸಿಕೊಂಡಳು.

“ಫಿಲೊಮೆನಾಗೆ ಎರಡು ಕೈಯಲ್ಲಿ ಹೊಸೆಯೋಕೆ ಬರ್ತಾ ಇಲ್ಲವಂತೆ. ಸಾಯೋದರೊಳಗೆ ಕಲೀಬೇಕಂತೆ. ನಿನ್ನನ್ನ ತಪ್ಪದೆ ಕರ್ಕೊಂಡು ಬಾ ಅಂದಳು.”

“ಏನ್ರೀ! ನನ್ನ ಪಾಸ್‌ಪೋರ್ಟ್ ಹುಡಕ್ರಿ!” ಹಿಟ್ಟಿನ ಕೈ ಎತ್ತಿಕೊಂಡು ರಂಜನಿ ಮನೆಯತ್ತ ಓಡಿದಳು.

“ನಂದೂ ಹುಡಕ್ಲೇನು?” ಚಂದ್ರಮೋಹನ ಒಳಗಿಂದ ಕೇಳಿದರು.

“ನಿಮ್ಮ ಕೈ ಯಾರು ನೋಡ್ಯಾರ್ರೀ?”