ಮೇಲ್ವಿಚಾರಕಿಯ ಅಪ್ಪಣೆ

ಇಸ್ತ್ರಿ ಅಕ್ಕನಿಗೆ ಬಡ್ತಿ ಸಿಕ್ಕಾಗ ನಾವೆಲ್ಲ ಮೂಗಿನ ಮೇಲೆ ಬೆರಳಿಟ್ಟೆವು. ಆಸ್ಪತ್ರೆಗಳ ಬಟ್ಟೆ ಒಗೆಯುವ ನಮ್ಮ ಲಾಂಡ್ರಿಯಲ್ಲಿ ಕೂದಲು ನರೆಯುವ ತನಕ ದುಡಿದರೂ ಬಡ್ತಿ ಕಂಡವರಿರಲಿಲ್ಲ. ಅಕ್ಕ ಮದುವೆಯಾಗಿ ಬಂದಾಗಿನಿಂದ ನಿಂತೇ ಕೆಲಸ ಮಾಡಿದವಳು. ಚಾದರದ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವಳ ನಾದಿನಿಯ ಕೈಯಲ್ಲಿ. ಇಬ್ಬರೂ ಒಮ್ಮೆ ಜಾಡಿಸಿ ಎದುರುಬದುರು ನಡೆದು ಬಂದರೆ ಮಡಿಕೆ ಬಿದ್ದಾಯಿತು. ಕೈ ನಿಂತರೂ ಇಬ್ಬರ ಬಾಯಿ ನಿಲ್ಲುತ್ತಿರಲಿಲ್ಲ. ಮನೆಯೂ ಒಂದೇ ಆದ್ದರಿಂದ ಅಲ್ಲಿ ಮುಗಿಯದ ಮಾತು ಇಲ್ಲಿ ಮುಂದುವರಿಯುತ್ತಿತ್ತು.

ಆಗಷ್ಟೇ ಸರ್ಕಾರ ಹೊಸ ನಿಯಮ ತಂದಿತ್ತು. ಕಾರ್ಮಿಕ ಸಂಘ ಬೇಕೋ ಬೇಡವೋ ಎಂದು ಕೆಲಸಗಾರರು ಕೆಲಸದ ಜಾಗದಲ್ಲೇ ಮತ ಹಾಕಬಹುದು, ಮಾಲೀಕರು ಅಡ್ಡಿ ಮಾಡುವಂತಿಲ್ಲ. ನಮ್ಮ ಧಣಿಗೆ ಇದು ಗಂಟಲ ಮುಳ್ಳಾಯಿತು. “ನಾವೆಲ್ಲ ಒಂದೇ ಮನೆಯವರ ಥರ ಇದ್ದೀವಿ, ಮಧ್ಯೆ ಸರ್ಕಾರ ಯಾಕೆ?” ಎಂದು ಭಾಷಣ ಬಿಗಿದರು. ಒಂದೇ ಮನೆಯವರಾಗಿದ್ದರೆ ಅವರ ಕೋಣೆಯ ಫ್ಯಾನಿನ ಗಾಳಿ ನಮಗೂ ಸ್ವಲ್ಪ ಬರಬೇಕಿತ್ತು. ಬೇರೆ ಮಾಲೀಕರ ಜೊತೆ ಸೇರಿ ಕೋರ್ಟಿಗೂ ಹೋದರು. ಅಲ್ಲಿ ಬೇಳೆ ಬೇಯಲಿಲ್ಲ. ಸಂಘಕ್ಕಾಗಿ ಓಡಾಡುವವರಲ್ಲಿ ಅತ್ತಿಗೆ-ನಾದಿನಿಯರೇ ಮುಂದು. ಅಂಥ ಹೊತ್ತಿನಲ್ಲಿ ಅಕ್ಕನಿಗೆ ಕುರ್ಚಿ, ಮೇಜು, ಮೇಲ್ವಿಚಾರಕಿ ಎಂಬ ಹೆಸರು ಬಂತು.

ಊದಿಕೊಂಡ ಕಾಲಿಗೆ ಕುರ್ಚಿ ಸಿಕ್ಕರೆ ಯಾರು ಬೇಡವೆನ್ನುತ್ತಾರೆ? ಅಕ್ಕ ಕೂತಳು. ಮೇಲ್ವಿಚಾರಕರಿಗೆ ಮತವಿಲ್ಲ, ಸಂಘವೂ ಇಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅತ್ತಿಗೆ ಕುರ್ಚಿಗಾಗಿ ತಮ್ಮನ್ನೆಲ್ಲ ಮಾರಿದಳೆಂದು ನಾದಿನಿ ಮಾತು ಬಿಟ್ಟಳು. ಒಂದೇ ಒಲೆಯ ಮುಂದೆ ನಿಂತು ಉಪ್ಪು ಕೇಳಬೇಕಾದರೂ ಅಣ್ಣನನ್ನು ಕೂಗುವಳು. ಅಕ್ಕನಿಗೆ ತುತ್ತು ಇಳಿಯದಾಯಿತು. ಬಡ್ತಿ ಬೇಡವೆಂದು ಧಣಿಯ ಬಳಿ ಗೋಗರೆದಳು. “ಮೇಲೆ ಹತ್ತಿಸಿದವರನ್ನ ಕೆಳಗಿಳಿಸೋ ಅಭ್ಯಾಸ ನಮ್ಮಲ್ಲಿಲ್ಲಮ್ಮ” ಎಂದು ಅವರು ನಕ್ಕರು. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕುರ್ಚಿ ಹೆಸರಿಗಷ್ಟೇ, ಅಧಿಕಾರ ಒಂದೂ ಇಲ್ಲ, ತನಗೂ ಮತ ಬೇಕು ಎಂದು ಅಕ್ಕ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು. ವಿಚಾರಣೆಗೆಂದು ಅಧಿಕಾರಿ ಲಾಂಡ್ರಿಗೇ ಬಂದರು.

“ಇವರಿಗೆ ಏನೇನು ಅಧಿಕಾರ ಕೊಟ್ಟಿದ್ದೀರಿ?” ಎಂದು ಧಣಿಯನ್ನು ಕೇಳಿದರು.

“ಎಲ್ಲಾ ಇವರದೇ ಸಾರ್. ರಜಾ ಕೊಡೋದೂ ಇವರೇ, ಕೆಲಸದಿಂದ ತೆಗೆಯೋದೂ ಇವರೇ. ನಾನು ಬಾಯಿ ಹಾಕೋದೇ ಇಲ್ಲ.”

ಅಕ್ಕ ಎದ್ದು ನಿಂತಳು. ಚಾದರ ಹಿಡಿದಿದ್ದ ನಾದಿನಿಯ ಕಡೆ ತಿರುಗಿ, “ಅದನ್ನ ಅಲ್ಲಿಡು. ಮನೆಗೆ ಹೋಗು” ಎಂದಳು.

ನಾದಿನಿ ಅವಳ ಮುಖವನ್ನೇ ನೋಡಿದಳು. ಏನೂ ಕೇಳದೆ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಬಾಗಿಲ ಕಡೆ ನಡೆದಳು.

“ಏಯ್, ಎಲ್ಲಿಗೆ ಹೊರಟೆ? ನನ್ನ ಕೇಳದೆ ಇಲ್ಲಿಂದ ಒಬ್ಬರೂ ಹೋಗೋ ಹಾಗಿಲ್ಲ” ಎಂದು ಧಣಿ ಗದರಿದರು. ಆಮೇಲೆ ನಾಲಿಗೆ ಕಚ್ಚಿಕೊಂಡರು.

“ಹಾಗಾದ್ರೆ ಈಯಮ್ಮನೂ ಕೆಲಸಗಾರರೇ. ಮತ ಹಾಕಲಿ” ಎಂದರು ಅಧಿಕಾರಿ.

ಧಣಿ ಅದರ ಮೇಲೂ ಕೋರ್ಟಿಗೆ ಹೋಗಿದ್ದಾರೆ. ಮತ ಹಾಕಿದ್ದೇವೆ, ಎಣಿಕೆ ಆಗಿಲ್ಲ. ಸಂಘ ಆಗುತ್ತದೋ ಇಲ್ಲವೋ, ಹೇಳುವ ಹಾಗಿಲ್ಲ.

ವಿಚಾರಣೆಯ ದಿನ ಸಂಜೆ ಬಸ್ ಸ್ಟಾಪಿನಲ್ಲಿ ನಾನು ಅವರಿಬ್ಬರ ಹಿಂದೆಯೇ ನಿಂತಿದ್ದೆ. ಬಸ್ಸು ಬರುವ ಸುಳಿವಿರಲಿಲ್ಲ. ನಾದಿನಿಯೇ ಮೊದಲು ಬಾಯಿ ಬಿಟ್ಟಳು.

“ನನ್ನ ಕೆಲಸದಿಂದಲೇ ತೆಗೆದ್ರಿ ಅಂದ್ಕೊಂಡೆ ಅತ್ತಿಗೆ.”

“ಮತ್ತೆ ಒಂದು ಮಾತೂ ಕೇಳದೆ ಯಾಕೆ ಹೊರಟೆ?”

“ನೀವು ಹೇಳಿದ್ರಲ್ಲ.”