ತಾರಸಿಗೆ ಸುರಿದ ನೀರು

ಮೈಸೂರಿನ ಬೇಸಿಗೆ ಏನು ಮಹಾ ಎಂದು ನಾನೂ ಬಹಳ ವರ್ಷ ಹೇಳಿಕೊಂಡು ತಿರುಗಿದವನೇ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಫ್ಯಾನ್ ಇರಲಿಲ್ಲ, ಬೇಕು ಎಂದು ಯಾರಿಗೂ ಅನ್ನಿಸಿರಲೂ ಇಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದೆ. ಹೆಂಡತಿ ತೀರಿಕೊಂಡ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಊರಂಚಿನ ಹಿನಕಲ್‌ನ ಆಚೆ ಹೊಸದಾಗಿ ಎದ್ದಿದ್ದ ಹಿರಿಯರ ನಿವಾಸವೊಂದಕ್ಕೆ ಬಂದು ಸೇರಿದೆ. ಕೆಳಗೊಂದು ಮೇಲೊಂದು ಅಂತಸ್ತು. ಮೊದಲು ಬಂದವನಾದ್ದರಿಂದ ನನಗೆ ಕೆಳಗೇ, ಉತ್ತರಕ್ಕೆ ಕಿಟಕಿಯಿದ್ದ ಕೊಠಡಿ ಸಿಕ್ಕಿತು. ಕಿಟಕಿಯ ಪಕ್ಕದಲ್ಲೇ ಹೊಂಗೆ ಮರ. ಮಧ್ಯಾಹ್ನವೂ ಅಲ್ಲಿ ಹೊದಿಕೆ ಎಳೆದುಕೊಂಡು ಮಲಗುವಷ್ಟು ತಂಪು.

ನಿವಾಸಿಗಳ ಸಮಿತಿಗೆ ನನ್ನನ್ನೇ ಕಾರ್ಯದರ್ಶಿ ಮಾಡಿದರು. ಕಚೇರಿಯ ಚಾಳಿ ಹೋಗಿರಲಿಲ್ಲ. ನೋಟೀಸು ಬರೆಯುವುದು, ನಿಯಮ ಮಾಡುವುದು, ತಪ್ಪಿದವರನ್ನು ಕರೆದು ಕೇಳುವುದು ನನಗೆ ಸುಖ ಕೊಡುತ್ತಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿರಬೇಕು. ಆ ಸಲ ಮಾರ್ಚಿನಲ್ಲೇ ಬೋರ್‌ವೆಲ್ ಕೆಸರು ಕಾರತೊಡಗಿತು. ನೀರಿನ ಟ್ಯಾಂಕರ್ ದಿನ ಬಿಟ್ಟು ದಿನ ಬರುತ್ತಿತ್ತು. ತಲೆಗೆ ಎರಡೇ ಬಕೆಟ್ ಎಂದು ನಾನು ನಿಯಮ ಮಾಡಿದೆ. ಹನ್ನೊಂದು ಗಂಟೆಗೆ ನೀರುಮಜ್ಜಿಗೆ, ಮೂರಕ್ಕೆ ಕಾಮಕಸ್ತೂರಿ ಬೀಜ ಹಾಕಿದ ಪಾನಕ. ಕುಡಿಯುವ ನೀರಿನ ಗಡಿಗೆಗೆ ಲಾವಂಚದ ಬೇರು ಹಾಕಿಡುತ್ತಿದ್ದರು. ಮೇಲಿನ ಅಂತಸ್ತಿನವರು ಮಧ್ಯಾಹ್ನ ಊಟವಾದ ಮೇಲೆ ದಿಂಬು, ಬೀಸಣಿಗೆ ಹಿಡಿದುಕೊಂಡು ಕೆಳಗಿಳಿದು ಊಟದ ಹಾಲಿನ ನೆಲದ ಮೇಲೆ ಸಾಲಾಗಿ ಮಲಗುತ್ತಿದ್ದರು. ಕರೆಂಟ್ ಹೋದರೆ ಆ ಹಾಲಿನಲ್ಲಿ ಬೀಸಣಿಗೆಗಳ ಸದ್ದೇ ಸದ್ದು.

ಇಳಿದು ಬರಲಾಗದವರು ಒಬ್ಬರೇ. ಮೇಲೆ ಪಶ್ಚಿಮದ ತುದಿಯ ಕೊಠಡಿಯಲ್ಲಿದ್ದ ಪ್ರೈಮರಿ ಶಾಲೆಯ ನಿವೃತ್ತ ಟೀಚರ್. ಮದುವೆಯಾಗದ ಹೆಂಗಸು. ಯುಗಾದಿಗೆ ಮುಂಚೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಆಗ ಮ್ಯಾನೇಜರು ನನ್ನ ಹತ್ತಿರ ಬಂದು, "ಸರ್, ಕೆಳಗಡೆ ಇರೋರು ಯಾರಾದ್ರೂ ರೂಮ್ ಬದಲಾಯಿಸಿಕೊಂಡ್ರೆ ಅವರಿಗೆ ಅನುಕೂಲ ಆಗೋದು" ಎಂದು ಮೆಲ್ಲಗೆ ಕೇಳಿದ್ದರು. ಯಾರಾದರೂ ಎಂದರೆ ನಾನೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೆಳಗಿದ್ದವರಲ್ಲಿ ಮೆಟ್ಟಿಲು ಹತ್ತುವ ಶಕ್ತಿಯಿದ್ದವನು ನಾನೊಬ್ಬನೇ. "ಕೊಠಡಿ ಬದಲಾವಣೆ ವರ್ಷಕ್ಕೊಂದೇ ಸಲ, ಜನವರಿಯಲ್ಲಿ. ನಿಯಮ ಇದೆಯಲ್ಲ?" ಎಂದೆ. ಆ ನಿಯಮ ಮಾಡಿದವನೂ ನಾನೇ.

ಏಪ್ರಿಲ್‌ನ ಒಂದು ಮಧ್ಯಾಹ್ನ ಎಲ್ಲರೂ ಹಾಲಿನಲ್ಲಿ ಮಲಗಿದ್ದಾಗ ನಾನು ಹಿತ್ತಲ ಕಡೆ ಹೋದೆ. ತಾರಸಿಯ ಮಳೆನೀರಿನ ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆಯಿಲ್ಲದೆ ನೀರು ಎಲ್ಲಿಂದ? ಮೇಲೆ ನೋಡಿದರೆ ಬಕೆಟ್ ಹಿಡಿದುಕೊಂಡು ತಾರಸಿಯ ಏಣಿ ಇಳಿಯುತ್ತಿದ್ದವರು ಬಸ್ ಡ್ರೈವರ್ ಆಗಿ ನಿವೃತ್ತರಾದ ನಮ್ಮ ನಿವಾಸಿ. ಟೀಚರ ಪಕ್ಕದ ಕೊಠಡಿಯವರು, ಎಪ್ಪತ್ತು ದಾಟಿದವರು. ಆಗ ನಾನು ಏನೂ ಕೇಳಲಿಲ್ಲ. ಅಲ್ಲೇ ಕೇಳಿದ್ದರೆ ಮಾತು ಅಲ್ಲೇ ಮುಗಿಯುತ್ತಿತ್ತು. ಭಾನುವಾರದ ಸಭೆಗೆಂದು ಉಳಿಸಿಕೊಂಡೆ.

ಸಭೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು ಹೇಳಿದೆ: "ಇಲ್ಲಿ ಜನ ಮುಖ ತೊಳೆಯೋಕೂ ಲೆಕ್ಕ ಹಾಕ್ತಿದ್ದಾರೆ. ಕೆಲವರು ಮಾತ್ರ ತಮ್ಮ ರೂಮ್ ತಂಪಾಗಲಿ ಅಂತ ತಾರಸಿ ಮೇಲೆ ನೀರು ಸುರೀತಿದ್ದಾರೆ. ಯಾರು ಅಂತ ಅವರೇ ಹೇಳಿದ್ರೆ ಒಳ್ಳೇದು."

ಆ ಡ್ರೈವರ್ ಹಿಂದಿನ ಬೆಂಚಿನಿಂದ ಎದ್ದರು. "ನಾನೇ ಸಾ ಉಯ್ದಿದ್ದು. ಇನ್ಮೇಲೆ ಉಯ್ಯಕಿಲ್ಲ, ಬುಡಿ."

ಅಷ್ಟಕ್ಕೇ ಬಿಡಬಹುದಿತ್ತು. ನಾನು ಬಿಡಲಿಲ್ಲ. "ವಯಸ್ಸಾದ ಮೇಲೂ ಈ ಸ್ವಾರ್ಥ ಯಾಕೆ ಬೇಕು?" ಎಂದೆ. ಮುಂದಿನ ಸಾಲಿನಲ್ಲಿ ಇಬ್ಬರು ತಲೆದೂಗಿದರು. ಆತ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೂತರು. ನನಗೆ ಅಂದು ಊಟ ರುಚಿಸಿತು.

ಹತ್ತು ದಿನ ಕಳೆದಿರಬಹುದು. ಒಂದು ಮಧ್ಯಾಹ್ನ ಪಾನಕ ಕೊಡಲು ಮೇಲೆ ಹೋದ ಆಯಾ ಕೂಗಿಕೊಂಡಳು. ಟೀಚರಿಗೆ ಪ್ರಜ್ಞೆ ಇರಲಿಲ್ಲ. ಮೈ ಕೆಂಡ, ತುಟಿ ಒಣಗಿ ಒಡೆದಿತ್ತು. ಹಾಸಿಗೆಯ ಸಮೇತ ಎತ್ತಿ ಮೆಟ್ಟಿಲಿಳಿಸುವಾಗ ಒಂದು ಕಡೆ ಹಿಡಿದಿದ್ದವರು ಆ ಡ್ರೈವರೇ. ನಾನು ಆಂಬುಲೆನ್ಸಿಗೆ ಫೋನ್ ಮಾಡಿ, ಡ್ರೈವರ್ ಟೀಚರ ಜೊತೆ ಅದರಲ್ಲಿ ಹೊರಟುಹೋದ ಮೇಲೆ ಆ ಕೊಠಡಿಗೆ ಮೊದಲ ಸಲ ಕಾಲಿಟ್ಟೆ. ಗೋಡೆ ಮುಟ್ಟಿದರೆ ಅಂಗೈ ಚುರುಕೆಂದಿತು. ಫ್ಯಾನ್ ತಿರುಗುತ್ತಿತ್ತು, ಒಲೆಯ ಮುಂದೆ ಊದಿದ ಹಾಗೆ ಗಾಳಿ.

ಆಯಾ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. "ಡ್ರೈವರಪ್ಪ ದಿನಾ ಈ ರೂಮ್ ಮ್ಯಾಲೆ ನೀರ್ ಉಯ್ತಿದ್ರು ಸಾ. ತಮ್ಮ ಸ್ನಾನದ ನೀರು. ತಾವು ಒದ್ದೆ ಬಟ್ಟೇಲಿ ಮೈ ಒರೆಸ್ಕೊಂಡು ಸುಮ್ನಾಗ್ಬುಡೋರು. ನೀವು ಬೈದ್ರಲ್ಲ, ನಿಲ್ಲಿಸ್ಬುಟ್ರು."

ಆಸ್ಪತ್ರೆಯಿಂದ ಡ್ರೈವರ್ ವಾಪಸು ಬರುವುದನ್ನು ಕಾದು ಗೇಟಿನ ಹತ್ತಿರ ನಿಂತೆ. ಟೀಚರಿಗೆ ಪ್ರಜ್ಞೆ ಬಂದಿದೆ ಎಂದರು. "ಸಭೇಲಿ ಯಾಕೆ ಹೇಳಲಿಲ್ಲ ನೀವು?" ಎಂದು ಕೇಳಿದೆ. ನನ್ನ ದನಿಯಲ್ಲಿ ಆಗಲೂ ಆಕ್ಷೇಪಣೆಯೇ ಇತ್ತು, ತಪ್ಪು ಅವರದೇ ಎಂಬಂತೆ.

"ಎಂಗೆ ಏಳದು ಸಾ? ಒಂಟಿ ಎಂಗಸು. ಎಲ್ರ ಮುಂದೆ ಆಯಮ್ಮನ ಎಸರು ಎತ್ತಿದ್ರೆ ಜನ ನೂರು ಮಾತಾಡ್ತಾರೆ. ನನ್ನ ಬೈದ್ರೆ ನಂಗೇನೂ ಆಗಕಿಲ್ಲ ಅಂದ್ಕಂಡೆ." ಗೇಟಿನ ಚಿಲಕ ಹಾಕುತ್ತ, "ಬಿಸಿಲು ಇಷ್ಟು ಏರ್ತದೆ ಅಂತ ಗೊತ್ತಾಗ್ಲಿಲ್ಲ" ಎಂದರು. ತಪ್ಪನ್ನು ತಮ್ಮ ತಲೆಗೇ ಹಾಕಿಕೊಂಡರು. ಕ್ಷಮಿಸಿ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಮೂವತ್ತು ವರ್ಷ ಕಚೇರಿಯಲ್ಲಿ ಅದನ್ನು ಬೇರೆಯವರಿಂದ ಬರೆಸಿಕೊಂಡಿದ್ದೆನೇ ಹೊರತು ನಾನು ಬಳಸಿರಲಿಲ್ಲ.

ಮಾರನೆಯ ದಿನ ಮ್ಯಾನೇಜರ ಬಳಿ ಹೋಗಿ ನನ್ನ ಕೊಠಡಿಯನ್ನು ಟೀಚರಿಗೆ ಕೊಡಿ ಎಂದೆ. ಅವರು ನನ್ನ ಮುಖ ನೋಡದೆ, "ಅವರನ್ನ ತಮ್ಮನ ಮಗಳು ಕೆಸರೆಲಿರೋ ಮನೆಗೆ ಕರ್ಕೊಂಡು ಹೋಗ್ತಾರಂತೆ ಸರ್. ಇನ್ನು ಬರೋದಿಲ್ಲ" ಎಂದರು. ಆದರೂ ನಾನು ಹಟ ಮಾಡಿ ಮೇಲಿನ ಪಶ್ಚಿಮದ ಕೊಠಡಿಗೆ ಹೋದೆ. ನನ್ನ ಕೊಠಡಿಗೆ ಹೊಸಬರು ಯಾರೋ ಬಂದರು. ನಾನು ಮೇಲೆ ಹೋದದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ಬೆನ್ನು ಹಾಸಿಗೆಗೆ ಅಂಟಿಕೊಳ್ಳುವ ಆ ಮೇ ತಿಂಗಳ ಮಧ್ಯಾಹ್ನಗಳಲ್ಲಿ ನನಗೆ ಬೇಕೆಂದಾಗ ಎದ್ದು ಹಾಲಿಗೆ ಹೋಗುವ ಕಾಲುಗಳಿದ್ದವು.

ಮೊದಲ ಮಳೆ ಬಿದ್ದ ಮೇಲೆ, ನಿಜ ಹೇಳಿ ಕ್ಷಮೆ ಕೇಳಲೇಬೇಕೆಂದು ಸಿಟಿ ಬಸ್ ಹಿಡಿದು ಕೆಸರೆಗೆ ಹೋದೆ. ಚಿಕ್ಕ ಹೆಂಚಿನ ಮನೆ. ಟೀಚರ್ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಗುರುತು ಹಿಡಿದದ್ದೇ ಕೈ ಮುಗಿದರು.

"ಸೆಕ್ರೆಟರಿಗಳು ಇಷ್ಟು ದೂರ ಬಂದ್ರಾ! ನಾನೇ ನಿಮಗೆ ಒಂದು ಕಾಗದ ಬರೀಬೇಕು ಅಂತಿದ್ದೆ."

"ನನಗಾ? ಯಾಕಮ್ಮ?"

"ನನ್ನ ರೂಮಿನ ಮೇಲೆ ದಿನಾ ನೀರು ಹಾಕಿಸ್ತಿದ್ರಲ್ಲ ನೀವು. ಮೇಲೆ ಸದ್ದು ಕೇಳಿ ಡ್ರೈವರನ್ನ ಕೇಳಿದೆ. ಸೆಕ್ರೆಟರಿಯವರು ಸಮಿತಿ ಕಡೆಯಿಂದ ಹಾಕಿಸ್ತಿದ್ದಾರೆ ಅಂದ್ರು. ಅವರೇ ಅವರ ನೀರು ಹಾಕ್ತಿದ್ರೆ ನಾನು ಖಂಡಿತ ಬೇಡ ಅಂತಿದ್ದೆ. ಆಮೇಲೆ ನಿಂತುಹೋಯ್ತು. ಪಾಪ, ಟ್ಯಾಂಕರ್ ಬರದೆ ನಿಮಗೆಷ್ಟು ಕಷ್ಟವಾಯ್ತೋ ಅಂದ್ಕೊಂಡೆ."

ತಮ್ಮನ ಮಗಳು ಕಾಫಿ ತಂದಿಟ್ಟು, "ಅತ್ತೆ ನಿಮ್ಮ ವಿಷಯ ಬಹಳ ಹೇಳ್ತಾರೆ" ಎಂದಳು. ಬಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಈಗ ಹೇಳುತ್ತೇನೆ, ಈ ಲೋಟ ಮುಗಿದ ಮೇಲೆ ಹೇಳುತ್ತೇನೆ ಎಂದುಕೊಂಡು ಕಾಫಿ ಕುಡಿದೆ. ಲೋಟ ಮುಗಿಯಿತು. "ನಮ್ಮ ಕರ್ತವ್ಯ ಅಷ್ಟೇ ಅಮ್ಮ" ಎಂದು ಎದ್ದೆ. ಆ ಮಾತು ನನ್ನ ಬಾಯಿಂದಲೇ ಬಂತು.

ಸಂಜೆ ಡ್ರೈವರ್ ವರಾಂಡದಲ್ಲಿ ಕೂತಿದ್ದರು. "ಕೆಸರೆಗೆ ಓಗಿದ್ರಂತೆ. ಟೀಚರಮ್ಮ ಎಂಗವ್ರೆ?"

"ದಿಂಬಿಗೆ ಒರಗಿ ಕೂತ್ಕೊಳ್ತಾರೆ."

"ಅದೇ ದೊಡ್ಡದು ಕಣ್ರೀ" ಎಂದರು; ಅವರ ಮುಖ ಅರಳಿತು. ಮುಂದಿನ ಸಭೆಯಲ್ಲಾದರೂ ನಡೆದದ್ದನ್ನು ಎಲ್ಲರಿಗೂ ಹೇಳಿ ಅವರ ಮರ್ಯಾದೆ ಅವರಿಗೆ ಹಿಂತಿರುಗಿಸಬೇಕೆಂದುಕೊಂಡೆ. ಸಭೆಯಲ್ಲಿ ಕಾರ್ಯದರ್ಶಿತನಕ್ಕೆ ರಾಜೀನಾಮೆ ಕೊಟ್ಟೆ. ಆರೋಗ್ಯದ ಕಾರಣ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಿಂದ ಅವರೂ ತಟ್ಟಿದರು.

ಎರಡು ವರ್ಷದ ಮೇಲೆ ಕೆಸರೆಯಿಂದ ಟೀಚರು ತೀರಿಕೊಂಡ ಸುದ್ದಿ ಬಂತು. ಮ್ಯಾನೇಜರು ವ್ಯಾನ್ ಮಾಡಿಸಿದರು. ಡ್ರೈವರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಹತ್ತಿ ಕೂತು, ನನಗೆಂದು ಪಕ್ಕದಲ್ಲಿ ಜಾಗ ಹಿಡಿದಿದ್ದರು. ನನಗೆ ಜ್ವರ ಬಂದ ಹಾಗಿದೆ ಎಂದು ಹೇಳಿ ಕಳಿಸಿದೆ. ಜ್ವರ ಇರಲಿಲ್ಲ.